ಗೋಡೆ ಒಡೆದು ಎರಡು ಗುಡ್ಡ: ಒಂದು ಕೋರಲ್ ಬ್ಯೂಟಿಗಾಗಿ ಮಾಡಿದ ರಿಪೇರಿ

ಮಡಿಕೇರಿಯಲ್ಲಿ ಸಮುದ್ರದ ಮೀನು ಸಾಕುತ್ತೇನೆ ಎಂದರೆ ಜನ ಮೊದಲು ನಗುತ್ತಾರೆ. ಆಮೇಲೆ "ಉಪ್ಪು ನೀರು ಮಂಗಳೂರಿಂದ ತರ್ತೀರಾ?" ಅಂತ ಕೇಳುತ್ತಾರೆ. ಇಲ್ಲ. ಉಪ್ಪು ಡಬ್ಬದಲ್ಲಿ ಬರುತ್ತದೆ, ನೀರು ನಮ್ಮ ಬಾವಿಯದೇ. ಆರ್‌ಓ ಮಾಡಿ ಲೀಟರಿಗೆ ಸುಮಾರು 35 ಗ್ರಾಂ ಬೆರೆಸಿದರೆ ಆಯಿತು. ಬಯಲುಸೀಮೆಯವರಿಗಿಲ್ಲದ ಒಂದು ಲಾಭವೂ ನನಗಿದೆ. ಅವರಿಗೆ ನೀರು ತಣ್ಣಗೆ ಮಾಡಲು ಚಿಲ್ಲರ್ ಬೇಕು. ನನಗೆ ಬೇಡ. ನನ್ನ ದುಡ್ಡೆಲ್ಲ ಹೀಟರಿಗೆ ಹೋಗುತ್ತದೆ.

ಟ್ಯಾಂಕ್ ನಾಲ್ಕು ಅಡಿ ಉದ್ದ, ಒಂದೂವರೆ ಅಡಿ ಅಗಲ, 20 ಇಂಚು ಎತ್ತರ. ಲೆಕ್ಕಕ್ಕೆ 280 ಲೀಟರ್, ಕಲ್ಲು ಮರಳು ಕಳೆದರೆ 220 ಇರಬಹುದು. ಕೆಳಗೆ 60 ಲೀಟರಿನ ಸಂಪ್, ಅಂದರೆ ಟ್ಯಾಂಕಿನ ನೀರು ಇಳಿದು ಶುದ್ಧವಾಗುವ ಇನ್ನೊಂದು ತೊಟ್ಟಿ. ಅದರಲ್ಲಿ ನೊರೆ ಎಬ್ಬಿಸಿ ಕೊಳೆ ತೆಗೆಯುವ ಸ್ಕಿಮ್ಮರ್. ಒಳಗೆ ಎರಡು ಕ್ಲೌನ್, ಒಂದು ಬಂಗಾಯ್ ಕಾರ್ಡಿನಲ್, ಒಂದು ಗೋಬಿ. ಹವಳದಲ್ಲಿ ಮೆತ್ತನೆಯವು ಮಾತ್ರ: ಲೆದರ್, ಮಶ್ರೂಮ್, ಮತ್ತೆ ಗುಂಡಿಯಷ್ಟು ಪುಟ್ಟ ಹೂಗಳ ಹಾಗೆ ಗುಂಪಾಗಿ ಅರಳುವ ಜೋವಾ. ಇವರೆಲ್ಲರ ಮೇಲೆ ದೊರೆ ಹಾಗೆ ಓಡಾಡಿಕೊಂಡಿರುವವನು ಕೋರಲ್ ಬ್ಯೂಟಿ.

ಡ್ವಾರ್ಫ್ ಏಂಜೆಲ್ ಎಂಬ ಪುಟ್ಟ ಏಂಜೆಲ್ ಮೀನುಗಳ ಪೈಕಿ ಎಲ್ಲರೂ ಮೊದಲು ತರುವ ಮೀನು ಇದು. ಶಾಸ್ತ್ರದ ಹೆಸರು ಸೆಂಟ್ರೊಪೈಗೆ ಬೈಸ್ಪಿನೋಸಾ. ಪೂರ್ತಿ ಬೆಳೆದರೂ 10 ಸೆಂಟಿಮೀಟರ್ ಆಸುಪಾಸು. ಮೈ ಕಿತ್ತಳೆ, ಅದರ ಮೇಲೆ ನೇರಳೆ ಗೆರೆ, ರೆಕ್ಕೆಯ ಅಂಚು ಗಾಢ ನೀಲಿ. ಇವೆಲ್ಲ ಹುಟ್ಟುವಾಗ ಹೆಣ್ಣು. ಒಂದು ಗಂಡು, ಅವನ ಸುತ್ತ ಕೆಲವು ಹೆಣ್ಣು, ಹೀಗೆ ಗುಂಪಿನಲ್ಲಿ ಬದುಕುತ್ತವೆ. ಗಂಡು ಸತ್ತರೆ ಗುಂಪಿನ ದೊಡ್ಡ ಹೆಣ್ಣೇ ಗಂಡಾಗುತ್ತದೆ. ನನ್ನದು ಒಂಟಿ, ಹೆಣ್ಣೋ ಗಂಡೋ ನನಗೆ ಬೇಕಿಲ್ಲ. "ಅವನು" ಅಂತ ಬಾಯಿಗೆ ಬಂದುಬಿಟ್ಟಿದೆ.

ತೊಂದರೆ ಶುರುವಾದದ್ದು ಜುಲೈನಲ್ಲಿ.

ಆ ತಿಂಗಳು ನಮ್ಮ ಕಡೆ ಮರ ಬಿದ್ದು ಲೈನ್ ಹೋದರೆ ಯಾವಾಗ ಬರುತ್ತದೆ ಎಂದು ಹೇಳುವಂತಿಲ್ಲ. ಒಂದು ಸಲ 38 ಗಂಟೆ ಕರೆಂಟ್ ಇರಲಿಲ್ಲ. ನನ್ನ ಇನ್ವರ್ಟರ್ ಬ್ಯಾಟರಿ 12 ವೋಲ್ಟ್, 150 ಎಎಚ್. ಕಾಗದದ ಮೇಲೆ 1,800 ವ್ಯಾಟ್-ಅವರ್. 300 ವ್ಯಾಟಿನ ಹೀಟರ್ ಹಾಕಿದರೆ ಐದು ಗಂಟೆಯೂ ಬರುವುದಿಲ್ಲ. ಹಾಗಾಗಿ ಹೀಟರ್ ಬಂದ್, ಲೈಟ್ ಬಂದ್, ನೀರು ಅಲುಗಿಸುವ 12 ವ್ಯಾಟಿನ ವೇವ್ ಮೇಕರ್ ಒಂದೇ ಸದಾ ಚಾಲೂ. ಅದನ್ನು ಮಾತ್ರ ನಿಲ್ಲಿಸುವಂತಿಲ್ಲ. ನಾವಿರುವುದು ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲೆ. ಗಾಳಿಯ ಒತ್ತಡ ಕಡಿಮೆ ಇರುವುದರಿಂದ ಅಷ್ಟೇ ಬಿಸಿಯ ನೀರಿನಲ್ಲಿ ಕರಗುವ ಆಮ್ಲಜನಕ ಮಂಗಳೂರಿಗಿಂತ ಎಂಟರಲ್ಲಿ ಒಂದು ಪಾಲಿನಷ್ಟು ಕಡಿಮೆ. ನೀರು ಅಲುಗಾಡದಿದ್ದರೆ ಮೀನು ಬೇಗ ಮೇಲಕ್ಕೆ ಬಂದು ಬಾಯಿ ಬಿಡುತ್ತದೆ.

ಬಿಸಿಗೆ ನಮ್ಮ ಬಚ್ಚಲಿನ ಹಂಡೆಯೇ ಗತಿ. ಎರಡು ಲೀಟರಿನ ಬಾಟಲಿಗಳಿಗೆ ಬಿಸಿನೀರು ತುಂಬಿ, ಮುಚ್ಚಳ ಬಿಗಿ ಮಾಡಿ, ಸಂಪಿನಲ್ಲಿ ತೇಲಿಬಿಡುವುದು. ವೇವ್ ಮೇಕರಿನ ಜೊತೆ, ಸಂಪಿನ ನೀರನ್ನು ಮೇಲಕ್ಕೆ ಕಳಿಸುವ ರಿಟರ್ನ್ ಪಂಪನ್ನು ಗಂಟೆಗೆ ಹತ್ತು ನಿಮಿಷ ಓಡಿಸುವುದು. ಟ್ಯಾಂಕಿನ ಮೂರು ಬದಿಗೆ ಥರ್ಮಾಕೋಲ್. ಮನೆಯೊಳಗೆ 17 ಡಿಗ್ರಿ ಇದ್ದರೂ ನೀರು 22.5ಕ್ಕಿಂತ ಕೆಳಗೆ ಇಳಿಯಲಿಲ್ಲ. ಯಾರೂ ಸಾಯಲಿಲ್ಲ. ನಾನು ಭಾರೀ ಬುದ್ಧಿವಂತ ಅಂದುಕೊಂಡೆ.

ತಪ್ಪು ಆಮೇಲೆ ಮಾಡಿದ್ದು. ಮತ್ತೆ ಕರೆಂಟ್ ಹೋದರೆ ನೀರು ಕೆಡಬಾರದು ಎಂದು ಊಟ ಕಡಿಮೆ ಮಾಡಿದೆ. ದಿನಕ್ಕೆ ಮೂರು ಸಲ ಇದ್ದದ್ದು ಒಂದು ಸಲ ಆಯಿತು, ಅದೂ ಒಂದು ಚಿಟಿಕೆ ಪೆಲೆಟ್. ಬ್ಯಾಟರಿ ಉಳಿಯಲಿ ಎಂದು ಲೈಟ್ ಒಂಬತ್ತು ಗಂಟೆಯಿಂದ ನಾಲ್ಕಕ್ಕೆ ಇಳಿಸಿದೆ. ಲೈಟ್ ಕಡಿಮೆಯಾದರೆ ಕಲ್ಲಿನ ಮೇಲೆ ಪಾಚಿ ಹುಟ್ಟುವುದೂ ಕಡಿಮೆ ಅಲ್ವಾ? ಡ್ವಾರ್ಫ್ ಏಂಜೆಲ್ ಬದುಕುವುದೇ ಅದರ ಮೇಲೆ. ದಿನವಿಡೀ ಕಲ್ಲು ಕೆರೆದು ಪಾಚಿ, ಸ್ಪಂಜಿನ ಚೂರು, ಕಲ್ಲಿಗಂಟಿದ ಕಸ ತಿನ್ನುತ್ತಿರುತ್ತದೆ. ನಾನು ಅದರ ತಟ್ಟೆಯನ್ನೂ ಕಿತ್ತುಕೊಂಡೆ, ಗದ್ದೆಯನ್ನೂ ಕಿತ್ತುಕೊಂಡೆ.

ಆಗಸ್ಟ್ ಎರಡನೇ ವಾರ ನೋಡುತ್ತೇನೆ, ಜೋವಾಗಳು ಮುಚ್ಚಿಕೊಂಡಿವೆ. ಕುರ್ಚಿ ಹಾಕಿಕೊಂಡು ಕೂತೆ. ಅವನು ಬಂದ, ಓರೆಯಾಗಿ ನಿಂತ, ಒಂದು ಕಣ್ಣಿಂದ ನೋಡಿದ, ಟಕ್ ಅಂತ ಒಂದು ಕಚ್ಚು. ಜೋವಾ ಮುಷ್ಟಿ ಹಿಡಿದ ಹಾಗೆ ಮುಚ್ಚಿತು. ಅವನು ಪಕ್ಕದ್ದಕ್ಕೆ ಹೋದ. ಮೂವತ್ತು ಇದ್ದ ಗುಂಪು ತಿಂಗಳ ಕೊನೆಗೆ ಹನ್ನೊಂದಾಯಿತು.

ಡ್ವಾರ್ಫ್ ಏಂಜೆಲ್ ತರುವಾಗ ಇದು ಗೊತ್ತಿದ್ದೇ ತರಬೇಕು. ಒಂದೇ ಜಾತಿಯಲ್ಲಿ ಒಂದು ಜೀವಮಾನವೆಲ್ಲ ಹವಳ ಮುಟ್ಟುವುದಿಲ್ಲ, ಇನ್ನೊಂದು ಎರಡನೇ ದಿನವೇ ಶುರು ಮಾಡುತ್ತದೆ. ಮಾಂಸಲವಾದ ದೊಡ್ಡ ಪಾಲಿಪ್‌ನ (ಹವಳದ ಒಂದೊಂದು ಜೀವದ) ಹವಳ, ಜೋವಾ, ಟ್ರೈಡಾಕ್ನಾ ಎಂಬ ದೊಡ್ಡ ಚಿಪ್ಪುಜೀವಿಯ ಮಾಂಸದ ಅಂಚು, ಇವುಗಳಿಗೆ ಅಪಾಯ ಜಾಸ್ತಿ. ಲೆದರ್, ಮಶ್ರೂಮ್‌ಗಳಿಗೆ ಕಡಿಮೆ. ಗ್ಯಾರಂಟಿ ಯಾರೂ ಕೊಡುವುದಿಲ್ಲ. ಕೊಡುತ್ತೇನೆ ಎಂದವರು ಮೀನು ಮಾರುವವರು.

ಊಟ ಮತ್ತೆ ಮೂರು ಸಲಕ್ಕೆ ಏರಿಸಿದೆ, ಲೈಟನ್ನೂ ಸರಿ ಮಾಡಿದೆ. ಆದರೆ ಚಟ ಹಿಡಿದ ಮೇಲೆ ಹೊಟ್ಟೆ ತುಂಬಿದ್ದರೂ ಬಾಯಿ ಹೋಗುತ್ತದೆ. ಹಿಡಿದು ಹೊರಗೆ ಹಾಕೋಣ ಎಂದುಕೊಂಡೆ.

ಹದಿನೆಂಟು ದಿನ. ಬಾಟಲಿಯ ಕತ್ತು ಕತ್ತರಿಸಿ ತಿರುಗಿಸಿ ಬೋನು ಮಾಡಿದೆ. ಒಳಗೆ ನೋರಿ, ಅಂದರೆ ಒಣಗಿಸಿದ ಸಮುದ್ರಪಾಚಿಯ ಹಾಳೆ, ಕಟ್ಟಿದೆ. ಮೊದಲ ದಿನ ಕ್ಲೌನ್ ಸಿಕ್ಕಿತು. ಎರಡನೇ ದಿನ ಅದೇ ಕ್ಲೌನ್. ಮೂರನೇ ದಿನ ಗೋಬಿ. ಏಂಜೆಲ್ ಬೋನಿನ ಹೊರಗೆ ನಿಂತು ಪ್ಲಾಸ್ಟಿಕ್ಕಿನ ಮೇಲಿನ ಪಾಚಿ ನೆಕ್ಕಿತು. ರಾತ್ರಿ ಟಾರ್ಚ್ ಹಿಡಿದು ಹುಡುಕಿದೆ. ಅಷ್ಟರಲ್ಲಿ ಅವನು ಕಲ್ಲಿನ ಗೋಡೆಯ ಹಿಂದೆ ಯಾವ ಬಿಲದಲ್ಲಿ ಮಲಗಿರುತ್ತಿದ್ದನೋ. ಹಿಂದಿನ ಗಾಜಿಗೆ ಒರಗಿಸಿ ಪೇರಿಸಿದ 35 ಕೆಜಿ ಕಲ್ಲು. ಹೊಸಬರೆಲ್ಲ ಕಟ್ಟುವುದು ಅದನ್ನೇ, ನಾನೂ ಕಟ್ಟಿದ್ದೆ. ಅರ್ಧ ಕಲ್ಲಿಗೆ ಬೆಳಕಿಲ್ಲ, ಪಾಚಿಯಿಲ್ಲ. ಹಿಂದೆ ಕಸ ಕೂತಿದೆ. ಮೀನು ಮಾತ್ರ ಹಾಯಾಗಿದೆ.

ಆಗ ತೀರ್ಮಾನ ಮಾಡಿದೆ: ಮೀನನ್ನಲ್ಲ, ಗೋಡೆಯನ್ನು ತೆಗೆಯಬೇಕು. ಅದರ ಬದಲು ಎರಡು ಗುಡ್ಡ. ಒಬ್ಬರೇ ಎತ್ತುವಷ್ಟು ಭಾರ, ಒಂದೇ ತುಂಡಾಗಿ ಎತ್ತಿ ಹೊರಗಿಡುವ ಹಾಗೆ. ಸುತ್ತಲೂ ಬೆಳಕು, ಅಂದರೆ ಸುತ್ತಲೂ ಮೇವು. ಪ್ರತಿ ಬಿಲಕ್ಕೂ ಎರಡು ಬಾಯಿ. ಒಂದೇ ಬಾಯಿಯ ಬಿಲದಲ್ಲಿ ಮೀನು ಒಳಗೆ ಹೋಗಿ ಮುಳ್ಳೆತ್ತಿ ಕೂತರೆ ದೇವರೇ ಬಂದರೂ ಬರುವುದಿಲ್ಲ.

ಸಾಮಾನು ತುಂಬಾ ಏನಿಲ್ಲ. 10 ಎಂಎಂ ಅಕ್ರಿಲಿಕ್ ರಾಡ್ ಎರಡು ಮೀಟರ್, ಬೆಂಗಳೂರಿನಿಂದ ಬಂತು. ಅಷ್ಟೇ ದಪ್ಪದ, ಕಲ್ಲಿಗೆ ಹಾಕುವ ಡ್ರಿಲ್ ಬಿಟ್. ಜೆಲ್ ಸೂಪರ್ ಗ್ಲೂ ಆರು ಟ್ಯೂಬ್. ಅಕ್ವೇರಿಯಂಗೆಂದೇ ಸಿಗುವ ಎಪಾಕ್ಸಿ ಪುಟ್ಟಿ ಎರಡು ಕಡ್ಡಿ. ಉಳಿ, ಸುತ್ತಿಗೆ, ರಬ್ಬರ್ ಗ್ಲೌಸ್, ಕನ್ನಡಕ. ಬ್ಯಾಟರಿ ಡ್ರಿಲ್ ಭಾವನದು. ಉಪ್ಪುನೀರಿನ ಪಕ್ಕದಲ್ಲಿ ವೈರಿನ ಡ್ರಿಲ್ ದಯವಿಟ್ಟು ಬೇಡ.

ಗ್ಲೌಸ್ ಮತ್ತು ಕನ್ನಡಕ ಶೋಕಿಗಲ್ಲ. ಕೆಲವು ಜೋವಾ, ಅವುಗಳ ಹತ್ತಿರದ ನೆಂಟ ಪಾಲಿಥೋವಾಗಳಲ್ಲಿ ಪಾಲಿಟಾಕ್ಸಿನ್ ಎಂಬ ಕೆಟ್ಟ ವಿಷ ಇರುತ್ತದೆ. ಅವು ಅಂಟಿರುವ ಕಲ್ಲನ್ನು ಬ್ರಷ್ ಹಾಕಿ ಉಜ್ಜಬಾರದು, ಬಿಸಿನೀರು ಹೊಯ್ಯಬಾರದು, ಕುದಿಸುವುದಂತೂ ಬೇಡವೇ ಬೇಡ. ಹಬೆಯಲ್ಲಿ ಬಂದರೆ ಮನೆಯವರೆಲ್ಲ ಆಸ್ಪತ್ರೆ ಸೇರಬೇಕಾಗುತ್ತದೆ. ಡ್ರಿಲ್ ಮಾಡುವ ಮೊದಲು ಜೋವಾ ಇರುವ ತುಂಡುಗಳನ್ನು ಬೇರೆ ಬಕೆಟಿಗೆ ಹಾಕಿದೆ, ಅವುಗಳಿಗೆ ಡ್ರಿಲ್ ಮುಟ್ಟಿಸಲೇ ಇಲ್ಲ.

ಕಲ್ಲು ಕಡಿಮೆ ಬಿದ್ದರೆ ಕಡಲತೀರದಿಂದ ತರೋಣ ಎಂದು ಭಾವ ಹೇಳಿದ. ಬೇಡ ಎಂದೆ. ಅಂಥ ಕಲ್ಲು ಹವಳವೇ ಆಗಿರಬಹುದು, ನಮ್ಮ ಸಮುದ್ರದ ಗಟ್ಟಿ ಹವಳಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ಹುಲಿ, ಆನೆಯಷ್ಟೇ ರಕ್ಷಣೆ. ಇದ್ದ ಕಲ್ಲನ್ನೇ ಒಡೆದು ಜೋಡಿಸುವುದು ಎಂದಾಯಿತು. ಒಂಬತ್ತು ತಿಂಗಳ ಜೀವ ಇರುವ ಕಲ್ಲು ಅದು, ಬಿಸಾಡಿ ಹೊಸದು ಹಾಕಿದರೆ ಏಂಜೆಲ್‌ಗೆ ಮತ್ತೆ ಉಪವಾಸ.

ಮಳೆ ಇಳಿದ ಮೇಲೆ, ತುಲಾ ಸಂಕ್ರಮಣದ ರಜೆಗೆ ದಿನ ಗೊತ್ತು ಮಾಡಿದೆ. ಕಾಫಿ ಕೊಯ್ಲು ಶುರುವಾದರೆ ಮನೆಯಲ್ಲಿ ಯಾರ ಕೈಯೂ ಖಾಲಿ ಇರುವುದಿಲ್ಲ.

ಶನಿವಾರ ಬೆಳಿಗ್ಗೆ. 60 ಲೀಟರ್ ಹೊಸ ಉಪ್ಪುನೀರು ಹಿಂದಿನ ರಾತ್ರಿಯೇ ಬೆರೆಸಿಟ್ಟಿದ್ದೆ. 25 ಡಿಗ್ರಿ, ಸಾಂದ್ರತೆ 1.025. ಕಲ್ಲು ಮುಳುಗಿಸಿಡಲು ಇನ್ನೊಂದು ದೊಡ್ಡ ಡ್ರಮ್ ಬೇಕಿತ್ತು. ಅಪ್ಪ ಗೋದಾಮಿನಿಂದ ಒಂದು ಉರುಳಿಸಿಕೊಂಡು ಬಂದರು.

"ತೊಳೆದಿದ್ದೇನೆ, ಹಾಕು."

ಒಳಗೆ ಬಗ್ಗಿ ನೋಡಿದೆ. ತಳದ ಮೂಲೆಯಲ್ಲಿ, ಅಂಚಿನ ಸಂದಿಯಲ್ಲಿ, ಉಗುರಿನಷ್ಟು ಅಗಲ ತಿಳಿ ನೀಲಿ ಕಲೆ.

"ಅಪ್ಪಾ, ಇದರಲ್ಲಿ ಏನು ಹಾಕಿದ್ರಿ?"

"ಏನೂ ಇಲ್ಲ ಮಾರಾಯ, ಮೇ ತಿಂಗಳಲ್ಲಿ ಮೈಲುತುತ್ತ ಕಲಸಿದ್ದು. ಎರಡು ಸಲ ತೊಳೆದಾಗಿದೆ."

ನನಗೆ ಬೆವರು ಬಂತು. ಮಳೆಗೆ ಮೊದಲು ಕಾಫಿಗೂ ಮೆಣಸಿಗೂ ಹೊಡೆಯುವ ಬೋರ್ಡೋ ದ್ರಾವಣ ಎಂದರೆ ಮೈಲುತುತ್ತ ಮತ್ತು ಸುಣ್ಣ. ಮೈಲುತುತ್ತ ಎಂದರೆ ತಾಮ್ರ. ಹವಳ, ಸೀಗಡಿ, ಬಸವನಹುಳ, ಬೆನ್ನೆಲುಬಿಲ್ಲದ ಯಾವುದಕ್ಕೂ ತಾಮ್ರ ಚೂರೇ ಚೂರು ಸಾಕು. ಕಲ್ಲು ಅದನ್ನು ಹೀರಿಕೊಂಡರೆ ತಿಂಗಳುಗಟ್ಟಲೆ ಬಿಡುತ್ತಾ ಇರುತ್ತದೆ. ಡ್ವಾರ್ಫ್ ಏಂಜೆಲ್‌ಗಳಿಗೂ ಅದು ಆಗಿಬರುವುದಿಲ್ಲ, ಚುಕ್ಕೆ ರೋಗಕ್ಕೆ ಕೊಡುವ ತಾಮ್ರದ ಔಷಧಿಯನ್ನೇ ಅವು ಕಷ್ಟದಲ್ಲಿ ತಡೆದುಕೊಳ್ಳುತ್ತವೆ. ತೋಟದ ಮನೆಯಲ್ಲಿ ಹವಳದ ಟ್ಯಾಂಕ್ ಇಟ್ಟುಕೊಂಡವರು ಇದೊಂದನ್ನು ಮರೆಯಬೇಡಿ: ಡ್ರಮ್, ಬಕೆಟ್, ಕೋಲು, ಜರಡಿ, ತೋಟದ್ದು ಯಾವುದೂ ಟ್ಯಾಂಕಿನ ಹತ್ತಿರ ಬರಬಾರದು. ಸ್ಪ್ರೇ ಹೊಡೆಯುವ ವಾರ ಮಾಡಿನ ಮಳೆನೀರನ್ನೂ ಹಿಡಿಯಬೇಡಿ. ಅಪ್ಪನಿಗೆ ಸ್ವಲ್ಪ ಬೇಜಾರಾಯಿತು. ಕೊನೆಗೆ ಅಮ್ಮ ಬಟ್ಟೆ ನೆನೆಸುವ ಎರಡು ಟಬ್ ಕೊಟ್ಟರು. ಸೋಪಿನ ವಾಸನೆ ಹೋಗುವವರೆಗೆ ಬಿಸಿನೀರಿನಲ್ಲಿ ತೊಳೆದು ತೊಳೆದು ಇಟ್ಟೆ.

ಟ್ಯಾಂಕಿನ ನೀರು ಅರ್ಧ ಟಬ್ಬಿಗೆ, ಒಂದು ಏರ್‌ಸ್ಟೋನ್, ಒಂದು ಹೀಟರ್. ಆಮೇಲೆ ಕಲ್ಲು, ಮೇಲಿನಿಂದ ಒಂದೊಂದಾಗಿ. ನೀರೊಳಗೆ ಹಗುರವಾಗಿರುವ ಕಲ್ಲು ಮೇಲೆ ಬಂದ ಕೂಡಲೇ ಎರಡರಷ್ಟು ಭಾರವಾಗುತ್ತದೆ, ಅಲ್ಲೇ ಕೈ ಜಾರುವುದು, ಅಲ್ಲೇ ಗಾಜು ಒಡೆಯುವುದು. ಕೆಳಗೆ ಇನ್ನೊಂದು ಕೈ ಇರಲೇಬೇಕು. ಗೋಡೆಯ ಬುಡಕ್ಕೆ ಬಂದಾಗ ಮರಳಿನಿಂದ ಕೊಳೆತ ಮೊಟ್ಟೆಯ ವಾಸನೆ ಬಂತು. ಆ ಜಾಗದ ಮರಳನ್ನು ಕೆದಕದೆ ಪೈಪಿನಿಂದ ಎಳೆದು ಹೊರಗೆ ಚೆಲ್ಲಿದೆ.

ಕೊನೆಯ ಕಲ್ಲೂ ಬಂತು. ಟ್ಯಾಂಕಿನಲ್ಲಿ ಕ್ಲೌನ್ ಎರಡು, ಕಾರ್ಡಿನಲ್ ಒಂದು, ಗೋಬಿ ಒಂದು. ಏಂಜೆಲ್ ಇಲ್ಲ.

ನೆಲ ನೋಡಿದೆ. ಸೋಫಾದ ಅಡಿ ನೋಡಿದೆ. ಭಾವ ಸಂಪಿಗೆ ಕೈ ಹಾಕಿದ. ಕಾಲು ಗಂಟೆ ಆಯಿತು. ಆಮೇಲೆ ಅಮ್ಮ ಟಬ್ಬಿನ ಪಕ್ಕ ಕೂತು ಮೆಲ್ಲಗೆ ಕರೆದರು. "ಇಲ್ಲಿ ಕಲ್ಲು ಕಣ್ಣು ಬಿಡ್ತಾ ಉಂಟು, ಬಾ."

ಏಳನೇ ಕಲ್ಲು. ಹೆಬ್ಬೆರಳು ಹೋಗುವಷ್ಟು ತೂತು. ಒಳಗೆ ನೀಲಿ ಅಂಚು, ಅದರ ಹಿಂದೆ ಒಂದು ಕಣ್ಣು. ಕಲ್ಲಿನ ಜೊತೆ ಗಾಳಿಯಲ್ಲಿ ಬಂದು, ಟಬ್ಬಿಗೆ ಇಳಿದು, ಸುಮ್ನೆ ಕೂತಿದ್ದಾನೆ. ಬಕೆಟ್ಟಿನ ಮೇಲೆ ಕಲ್ಲನ್ನು ತಲೆಕೆಳಗು ಹಿಡಿದೆ. ನೀರು ಸುರಿದು ನಿಂತಿತು. ಬರಲಿಲ್ಲ. ಇನ್ನೊಂದು ಕಡೆ ವಾಲಿಸಿದೆ. ಟಪ್ ಅಂತ ಬಿದ್ದ. ಬಲೆ ಉಪಯೋಗಿಸಲಿಲ್ಲ, ಏಕೆಂದರೆ ಏಂಜೆಲ್ ಮೀನುಗಳ ಕೆನ್ನೆಯ ಕೆಳಗೆ ಹಿಂದಕ್ಕೆ ಬಾಗಿದ ಒಂದು ಮುಳ್ಳಿದೆ. ಬಲೆಗೆ ಸಿಕ್ಕಿಕೊಂಡರೆ ಬಿಡಿಸುವಷ್ಟರಲ್ಲಿ ಕೆನ್ನೆ ಹರಿಯುತ್ತದೆ. ಡಬ್ಬವೇ ಒಳ್ಳೆಯದು.

ಅಲ್ಲಿಗೆ ಮೀನು ಕೈಗೆ ಸಿಕ್ಕಿತ್ತು. ಮಾರಬಹುದಿತ್ತು. ಆದರೆ ಬಕೆಟ್ಟಿನ ಮೇಲಿನಿಂದ ನೋಡಿದಾಗ ಬೆನ್ನು ತೆಳ್ಳಗೆ ಚಾಕುವಿನ ಹಾಗಿತ್ತು. ಪಕ್ಕದಿಂದ ನೋಡಿದರೆ ಇದು ಗೊತ್ತಾಗುವುದಿಲ್ಲ. ಹಸಿವು ಇನ್ನೂ ಪೂರ್ತಿ ಹೋಗಿಲ್ಲ. ಇನ್ನೊಂದು ಅವಕಾಶ ಕೊಡೋಣ ಎಂದುಕೊಂಡೆ.

ಜೋಡಿಸುವ ಕೆಲಸಕ್ಕೆ ಆರು ಗಂಟೆ ಹಿಡಿಯಿತು. ಒಂದು ಕಲ್ಲು ಹೊರಗೆ, ಉಳಿದವು ನೀರಿನಲ್ಲಿ. ಹೊರಗಿದ್ದದ್ದಕ್ಕೆ ಉಪ್ಪುನೀರಿನಲ್ಲಿ ಅದ್ದಿದ ಹಳೆಯ ಪಂಚೆ ಹೊದಿಕೆ. ಸ್ಪಂಜುಗಳಿಗೆ ಗಾಳಿ ತಾಗಿದರೆ ಸಾಯುತ್ತವೆ, ಸತ್ತು ಕೊಳೆತರೆ ಮೀನಿಗೆ ವಿಷವಾದ ಅಮೋನಿಯಾ. ತೂತು ಎರಡು ಇಂಚು ಆಳ, ರಾಡ್ ಅರ್ಧ ಇಲ್ಲಿಗೆ ಅರ್ಧ ಅಲ್ಲಿಗೆ. ಅಂಟಿಸುವ ಕ್ರಮ ಹೀಗೆ: ಕಲ್ಲನ್ನು ಟಿಶ್ಯೂನಿಂದ ಒತ್ತಿ ಒರೆಸಿ, ಗ್ಲೂ, ಅದರ ಮೇಲೆ ಪುಟ್ಟಿಯ ಉಂಡೆ, ಮತ್ತೆ ಗ್ಲೂ, ಮೇಲಿನ ಕಲ್ಲು. ಹತ್ತು ನಿಮಿಷ ಅಲುಗಾಡಿಸದೆ ಹಿಡಿಯಬೇಕು. ಭಾರ ಹೊರುವುದು ರಾಡ್, ಅಂಟು ತಿರುಗದ ಹಾಗೆ ಹಿಡಿಯುವುದಕ್ಕೆ ಮಾತ್ರ. ಮೊದಲ ಎರಡು ಜೋಡಣೆ ರಾಡ್ ಇಲ್ಲದೆ ಮಾಡಿದ್ದೆ, ಎರಡೂ ಕೈಯಲ್ಲೇ ಬಿಟ್ಟುಕೊಂಡವು.

ಎಡದ ಗುಡ್ಡ 13 ಕೆಜಿ, ಬಲದ್ದು 10. ನಡುವೆ ಆರು ಇಂಚು ಬಯಲು. ಎರಡೂ ಗುಡ್ಡ ಹಿಂದಿನ ಗಾಜಿನಿಂದ ಮೂರು ಇಂಚು ದೂರ. ಕಾಲಿಗೆ ಮೂರು ಮೂರು ಪಿವಿಸಿ ತುಂಡು, ಮರಳಿನಡಿ ನೇರ ಗಾಜಿನ ಮೇಲೆ ನಿಂತಿವೆ. ಮರಳಿನ ಮೇಲೆ ಇಟ್ಟರೆ ಗೋಬಿ ಬುಡ ತೋಡಿ ಒಂದು ದಿನ ಉರುಳಿಸುತ್ತದೆ. ಉಳಿದ ಕಲ್ಲಿನ ಚೂರು ಸಂಪಿಗೆ.

ಸಂಜೆ ಆರಕ್ಕೆ ನೀರು ತುಂಬಿದೆವು. ರಾತ್ರಿ ಹತ್ತಕ್ಕೆ ಸ್ಕಿಮ್ಮರ್ ಹುಚ್ಚು ಹಿಡಿದ ಹಾಗೆ ನೊರೆ ಕಕ್ಕಿ ಸಂಪಿನ ಕೆಳಗೆಲ್ಲ ಹರಿಯಿತು. ಎಪಾಕ್ಸಿ ಹಾಕಿದರೆ ಹೀಗಾಗುತ್ತದೆ ಎಂದು ಓದಿದ್ದೆ, ಮರೆತಿದ್ದೆ. ಕಪ್ ತೆಗೆದು ಗಾಳಿ ಮಾತ್ರ ಬಿಟ್ಟೆ. ಮೂರು ದಿನಕ್ಕೆ ಸರಿಯಾಯಿತು. ಅಮೋನಿಯಾ ಮಾರನೇ ದಿನ 0.25, ಇನ್ನೂ 40 ಲೀಟರ್ ಬದಲಾಯಿಸಿದೆ, ಬುಧವಾರ ಸೊನ್ನೆ.

ಈಗ ಊಟ. ಬೆಳಿಗ್ಗೆ ಉಪ್ಪು ಖಾರ ಹಾಕದ ನೋರಿ ಅಂಗೈ ಅಗಲ, ಕ್ಲಿಪ್ಪಿಗೆ ಸಿಕ್ಕಿಸಿ. "ಕಪ್ಪು ಕಾಗದ ತಿನ್ನಿಸ್ತಾನೆ" ಅಂತ ಅಮ್ಮ ಬಂದವರಿಗೆಲ್ಲ ಹೇಳುತ್ತಾರೆ. ಮಧ್ಯಾಹ್ನ ಸ್ಪಂಜು ಬೆರೆಸಿದ ಫ್ರೋಜನ್ ಆಹಾರ. ಸಂಜೆ ಮೈಸಿಸ್, ಅಂದರೆ ಸೀಗಡಿಯಂಥ ಪುಟ್ಟ ಜೀವಿ. ವಾರಕ್ಕೊಮ್ಮೆ ಮರುವಾಯಿ. ಮಂಗಳೂರು ಮೀನಿನ ಗಾಡಿಯವರ ಹತ್ತಿರ ಎರಡು ಹಿಡಿ ತೆಗೆದುಕೊಂಡು ಫ್ರೀಜರಿನಲ್ಲಿಟ್ಟು, ಒಂದು ಚಿಪ್ಪು ತೆರೆದು ಮರಳಿನ ಮೇಲಿಡುವುದು. ಅವನಿಗೆ ಕುಕ್ಕುವ ಕೆಲಸ ಬೇಕು, ಅದು ಸಿಕ್ಕುತ್ತದೆ. ಅರ್ಧ ಗಂಟೆ ಬಿಟ್ಟು ಉಳಿದದ್ದು ತೆಗೆಯದಿದ್ದರೆ ನೀರು ನಾರುತ್ತದೆ.

ಐದು ವಾರ ಆಯಿತು. ಗುಡ್ಡಗಳ ಹಿಂಬದಿಯಲ್ಲಿ ಹಸಿರು ಹಿಡಿದಿದೆ. ಅವನು ಬೆಳಿಗ್ಗೆ ಎಡ, ಮಧ್ಯಾಹ್ನ ಬಲ, ಪಹರೆ ಕೊಟ್ಟ ಹಾಗೆ ಸುತ್ತು ಹಾಕುತ್ತಾನೆ. ಮೂರು ಜೋವಾ ಗುಂಪಿನಲ್ಲಿ ಎರಡನ್ನು ಬಿಟ್ಟಿದ್ದಾನೆ, ಅವು ಪೂರ್ತಿ ಅರಳುತ್ತಿವೆ. ಮೂರನೆಯದು, ಕಿತ್ತಳೆಯದು, ಅದನ್ನು ಬಿಡಲಿಲ್ಲ. ಬಣ್ಣ ಇಷ್ಟವೋ ರುಚಿ ಇಷ್ಟವೋ. ಅದನ್ನು ಸಂಪಿನಲ್ಲಿ ಒಂದು ಸಣ್ಣ ಲೈಟ್ ಹಾಕಿ ಇಟ್ಟಿದ್ದೇನೆ.

ಕಳೆದ ಭಾನುವಾರ ಪರೀಕ್ಷೆ ಮಾಡಿದೆವು. ನಿಜವಾಗಿ ಹಿಡಿಯಲು ಆಗುತ್ತದೋ ಇಲ್ಲವೋ ನೋಡಬೇಕಲ್ಲ. ಭಾವ ಎಡದ ಗುಡ್ಡ ಎತ್ತಿದ, ಅಲ್ಲಿ ಇರಲಿಲ್ಲ. ಬಲದ್ದು ಎತ್ತಿದಾಗ ನೀರಿನ ಜೊತೆ ಬಿಲದ ಇನ್ನೊಂದು ಬಾಯಿಂದ ಜಾರಿ ಟ್ಯಾಂಕಿಗೇ ಬಿದ್ದ. ಬರಿದಾದ ಮೂಲೆಯಲ್ಲಿ ಡಬ್ಬ ಹಿಡಿದು ಕಾದೆ. ಶುರುವಿನಿಂದ ಕೊನೆಗೆ ಹನ್ನೊಂದು ನಿಮಿಷ. ಮೇಲಿನಿಂದ ಬೆನ್ನು ನೋಡಿದೆ, ದಪ್ಪ ಆಗಿದ್ದಾನೆ. ಮತ್ತೆ ಬಿಟ್ಟೆ.

ಬಲದ ಗುಡ್ಡವನ್ನು ಭಾವ ಬುಡ ಹಿಡಿಯದೆ ಮೇಲಿನ ಕಮಾನು ಹಿಡಿದು ಎತ್ತಿದ್ದ. ಒಂದು ಜೋಡಣೆ ಬಿರುಕು ಬಿಟ್ಟಿದೆ, ರಾಡ್ ಮಾತ್ರ ಹಿಡಿದುಕೊಂಡಿದೆ. ಹುತ್ತರಿ ಕಳೆದ ಮೇಲೆ ಅದನ್ನು ಬಿಚ್ಚಿ ಎರಡು ರಾಡ್ ಹಾಕಬೇಕು. ಗ್ಲೂ ಎರಡು ಟ್ಯೂಬ್ ಉಳಿದಿತ್ತು, ಗಾಳಿಯ ತೇವಕ್ಕೆ ಮುಚ್ಚಳದಲ್ಲೇ ಅಂಟಿಕೊಂಡಿದೆ. ಮತ್ತೆ ತರಿಸಬೇಕು.